ಸಿನಿಮಾ ಹಾಡು, ದೇವರ ಹಾಡು: ಕ್ವಾಯರ್ ಮುಗಿದ ಮೇಲೆ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ಒಂದು ಕ್ರೈಸ್ತ ಸಭೆಯಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಹಾಡು ಕಲಿಸುತ್ತಿದ್ದೇನೆ. ಶನಿವಾರ ಸಂಜೆ ಪ್ರಾಕ್ಟೀಸ್ ಮುಗಿದು ಹಾರ್ಮೋನಿಯಂ ಮುಚ್ಚುವ ಹೊತ್ತಿಗೆ ಯಾರಾದರೂ ಒಬ್ಬರು ಹತ್ತಿರ ಬಂದು ನಿಲ್ಲುತ್ತಾರೆ. "ಅಕ್ಕಾ, ಒಂದು ವಿಷಯ ಕೇಳ್ಲಾ?" ಮನೆಯಲ್ಲಿ ಯಾರೋ ಬೈದಿರುತ್ತಾರೆ. ಇಲ್ಲವೇ ಚರ್ಚಿನ ಪ್ರಸಂಗದಲ್ಲಿ ಕೇಳಿದ ಒಂದು ಮಾತು ಮನಸ್ಸಿಗೆ ಚುಚ್ಚಿರುತ್ತದೆ. ಅಂಥ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ನನ್ನ ಅಪ್ಪನ ಕಡೆಯವರು ಪ್ರೊಟೆಸ್ಟೆಂಟರು. ಅಮ್ಮನ ತವರು ಹರಿಹರ, ಅವರದು ಕಥೋಲಿಕ ಮನೆ. ಹಾಗಾಗಿ ಉತ್ತರಗಳಲ್ಲಿ ಎರಡೂ ಕಡೆಯ ರೂಢಿ ಬರುತ್ತದೆ.

ಕ್ರೈಸ್ತರು ಸಿನಿಮಾ ಹಾಡು ಕೇಳಬಹುದಾ?

ಕೇಳಬಹುದು. ಯಾವ ಹಾಡು, ಎಷ್ಟು ಹೊತ್ತು, ಯಾಕೆ ಅನ್ನುವುದು ಆಮೇಲಿನ ಮಾತು.

ಬೈಬಲ್‌ನಲ್ಲಿ ವಾದ್ಯ ನುಡಿಸುವವರ ಮಾತು ಮೊದಲು ಬರುವುದು ಎಲ್ಲಿ ಗೊತ್ತಾ? ಆದಿಕಾಂಡ 4:21. ಅಲ್ಲಿ ಯೂಬಾಲ ಅನ್ನುವವನ ಹೆಸರಿದೆ. ಕಿನ್ನರಿ, ಕೊಳಲು ನುಡಿಸುವವರಿಗೆಲ್ಲ ಅವನೇ ಮೂಲಪುರುಷ. ಅವನು ಯಾರ ವಂಶ? ತಮ್ಮನನ್ನು ಕೊಂದ ಕಾಯಿನನ ವಂಶ. ಆ ಮನೆಯಲ್ಲಿ ಹುಟ್ಟಿದ ಕಿನ್ನರಿಯೇ ಮುಂದೆ ದಾವೀದನ ಕೈಗೆ ಬಂತು, ದೇವಾಲಯದ ಒಳಗೂ ಹೋಯಿತು. ಇದು ಯಾರ ಮನೆಯಿಂದ ಬಂದ ವಾದ್ಯ ಅಂತ ಯಾರೂ ಅದನ್ನು ಆಚೆ ಎಸೆಯಲಿಲ್ಲ.

ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದ 4:8 ಓದಿ. ಸತ್ಯವಾದದ್ದು, ಶುದ್ಧವಾದದ್ದು, ಪ್ರೀತಿ ಹುಟ್ಟಿಸುವಂಥದ್ದು ಏನಿದೆಯೋ ಅದರ ಮೇಲೆ ಮನಸ್ಸಿಡಿ ಅನ್ನುತ್ತಾನೆ. ಸಭೆಯೊಳಗೆ ಹುಟ್ಟಿದ್ದರ ಮೇಲೆ ಮಾತ್ರ ಅಂತ ಅವನು ಬರೆಯಲಿಲ್ಲ. ತಾಯಿಯ ಮೇಲೆ, ಮಳೆಯ ಮೇಲೆ, ದುಡಿಯುವವರ ಮೇಲೆ ಕನ್ನಡ ಸಿನಿಮಾದಲ್ಲಿ ಎಷ್ಟು ಒಳ್ಳೆಯ ಹಾಡುಗಳಿವೆ! ಅವು ಸತ್ಯವನ್ನೇ ಹೇಳುತ್ತವೆ. ಸತ್ಯ ಯಾರ ಬಾಯಿಂದ ಬಂದರೂ ಅದು ದೇವರದ್ದೇ.

ನಾನು ಮಕ್ಕಳಿಗೆ ಹೇಳುವುದು ಇಷ್ಟೇ. 'ಸಿನಿಮಾ' ಅನ್ನುವ ಹಣೆಪಟ್ಟಿ ನೋಡಿ ಹಾಡನ್ನು ಬಿಡಬೇಡಿ. 'ಕ್ರೈಸ್ತ' ಅನ್ನುವ ಹಣೆಪಟ್ಟಿ ನೋಡಿ ನುಂಗಲೂ ಬೇಡಿ. ಪದ ಕೇಳಿ. ಪೂರ್ತಿ ಕೇಳಿ.

ನಾನು ಈಗ ಯೇಸುವನ್ನು ನಂಬಿದ್ದೀನಿ. ಫೋನಲ್ಲಿರೋ ಹಳೇ ಹಾಡೆಲ್ಲ ಡಿಲೀಟ್ ಮಾಡಬೇಕಾ?

ಇದಕ್ಕೆ ನನ್ನದೇ ಕಥೆ ಹೇಳಬೇಕು.

ನನಗಾಗ ಹದಿನಾರು ವರ್ಷ. ಒಂದು ಉಜ್ಜೀವನ ಕೂಟಕ್ಕೆ, ಅಂದರೆ ನಂಬಿಕೆಯನ್ನು ಚುರುಕು ಮಾಡುವ ಪ್ರಾರ್ಥನಾ ಕೂಟಕ್ಕೆ, ಹೋಗಿದ್ದೆ. ಮನೆಯಲ್ಲಿರುವ ಸಿನಿಮಾ ಕ್ಯಾಸೆಟ್‌ಗಳನ್ನು ನಾಳೆ ತಂದು ಬೆಂಕಿಗೆ ಹಾಕಿ, ಆಗ ಆಶೀರ್ವಾದ ಬರುತ್ತದೆ ಅಂದರು. ನಾನು ಏಳು ಕ್ಯಾಸೆಟ್ ತೆಗೆದುಕೊಂಡು ಹೋದೆ. ಅದರಲ್ಲಿ ನಾಲ್ಕು ನನ್ನವಲ್ಲ, ಅಪ್ಪನವು. ಅಪ್ಪ ಹತ್ತಿ ಮಿಲ್‌ನಲ್ಲಿ ಕೆಲಸ ಮಾಡುತ್ತಿದ್ದರು. ರಾತ್ರಿ ಪಾಳಿ ಮುಗಿಸಿ ಬಂದು ಬೆಳಿಗ್ಗೆ ಭದ್ರಾವತಿ ಆಕಾಶವಾಣಿ ಹಚ್ಚಿ ಕೂರುವುದು, ಸಂಬಳ ಬಂದಾಗ ಒಂದು ಕ್ಯಾಸೆಟ್ ಕೊಳ್ಳುವುದು, ಅವರಿಗೆ ಇದ್ದದ್ದು ಅಷ್ಟೇ ಸುಖ. ಕ್ಯಾಸೆಟ್ ಕಾಣಲಿಲ್ಲ ಅಂತ ಹುಡುಕಿದರು. ನಾನು ನಿಜ ಹೇಳಿದೆ. ಅವರು ಬೈಯಲಿಲ್ಲ. ಅವತ್ತು ಸಂಜೆ ಸ್ಟವ್‌ಗೆ ಪಂಪ್ ಹೊಡೆಯುತ್ತಾ, ನಾನು ಸುಟ್ಟ ಒಂದು ಹಾಡನ್ನೇ ಮೆಲ್ಲಗೆ ಗುನುಗುತ್ತಿದ್ದರು. ಟೇಪು ಸುಟ್ಟಿತ್ತು. ಹಾಡು ಅವರೊಳಗೆ ಹಾಗೇ ಇತ್ತು. ಹೆಂಡತಿಯನ್ನು ಪ್ರೀತಿಸುವ ಗಂಡನ ಹಾಡು ಅದು. ಅದರಲ್ಲಿ ಸುಡುವಂಥದ್ದು ಏನೂ ಇರಲಿಲ್ಲ.

ಬೇರೆಯವರ ವಸ್ತು ಕದ್ದು ದೇವರಿಗೆ ಕೊಟ್ಟೆ ಅಂತ ನನಗೆ ಎಷ್ಟೋ ವರ್ಷ ನೋವಿತ್ತು. ಹಾಗಾಗಿ ಯಾರಿಗೂ ಒಂದೇ ಏಟಿಗೆ ಎಲ್ಲ ಅಳಿಸಿ ಅನ್ನುವುದಿಲ್ಲ. ಒಂದು ಹಾಡು ನಿಮ್ಮನ್ನು ಹಳೇ ಕುಡಿತಕ್ಕೋ ಹಳೇ ಸಹವಾಸಕ್ಕೋ ಎಳೆಯುತ್ತಿದ್ದರೆ ಇವತ್ತೇ ತೆಗೆಯಿರಿ. ಬೇರೆಯವರಿಗೆ ಆ ಹಾಡು ಏನೂ ಮಾಡದೇ ಇರಬಹುದು. ನಿಮಗೆ ಮಾಡುತ್ತಿದೆಯಲ್ವಾ, ಅಷ್ಟು ಸಾಕು. ಉಳಿದದ್ದನ್ನು ಒಂದೊಂದಾಗಿ ಕೂತು ಕೇಳಿ ನಿರ್ಧಾರ ಮಾಡಿ.

ಯಾವ ಹಾಡು ಸರಿ, ಯಾವುದು ಬೇಡ ಅಂತ ಹೇಗೆ ಗೊತ್ತಾಗುತ್ತೆ?

ಪದಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಮ್ಯೂಸಿಕ್ ಇಲ್ಲದೆ ಜೋರಾಗಿ ಓದಿ. ಬೀಟ್ ಇದ್ದಾಗ ಬಾಯಿ ತಾನಾಗಿ ಹಾಡುತ್ತದೆ, ಕಿವಿ ಮಾತ್ರ ಪದ ಕೇಳಿರುವುದಿಲ್ಲ. ಯೂತ್ ಫೆಲೋಶಿಪ್‌ನಲ್ಲಿ ಒಮ್ಮೆ ಹುಡುಗರ ಕೈಲಿ ಹೀಗೆ ಓದಿಸಿದೆ. ಎದುರಿಗೆ ಅವರ ಅಕ್ಕತಂಗಿಯರೂ ಕೂತಿದ್ದರು. ಎರಡನೇ ಸಾಲಿಗೇ ಒಬ್ಬ ಹುಡುಗ ನಿಲ್ಲಿಸಿಬಿಟ್ಟ. "ಅಕ್ಕಾ, ಇದನ್ನ ನಾನು ದಿನಾ ಹಾಡ್ತಿದ್ದೆ" ಅಂದ. ನಾನು ಏನೂ ಹೇಳಬೇಕಾಗಲಿಲ್ಲ.

ಹೆಣ್ಣನ್ನು ಸರಕಿನ ಹಾಗೆ ತೋರಿಸುವ ಹಾಡು, ಲಾಂಗು ಮಚ್ಚು ಹಿಡಿದವನನ್ನು ದೊಡ್ಡ ಮನುಷ್ಯ ಮಾಡುವ ಹಾಡು, ನಮ್ಮ ಜಾತಿಯೇ ಮೇಲು ಅನ್ನುವ ಹಾಡು, ಇವುಗಳಿಗೆ ನನ್ನ ಉತ್ತರ ನೇರ: ಬೇಡ. ಎಣ್ಣೆ ಹಾಡುಗಳೂ ಬೇಡ. ನಮ್ಮ ಓಣಿಯಲ್ಲಿ ಕುಡಿತದಿಂದ ಒಡೆದ ಮನೆಗಳನ್ನು ನೋಡಿದವರು ಅದಕ್ಕೆ ಕುಣಿಯಲಾರರು.

ಪ್ರೇಮಗೀತೆ ಕೇಳಿದರೆ ಪಾಪನಾ?

ಬೈಬಲ್‌ನಲ್ಲೇ ಒಂದು ಇಡೀ ಪುಸ್ತಕ ಪ್ರೇಮಗೀತೆ. ಪರಮಗೀತ ಓದಿ. ಅಲ್ಲಿ ಹುಡುಗ ಹುಡುಗಿಯನ್ನು ಹೊಗಳುತ್ತಾನೆ, ಹುಡುಗಿ ಹುಡುಗನನ್ನು ಹೊಗಳುತ್ತಾಳೆ, ಇಬ್ಬರಿಗೂ ಬಾಯಿ ಇದೆ. ನಾಚಿಕೆ ಪಡುವಂಥದ್ದು ಇದ್ದಿದ್ದರೆ ಆ ಪುಸ್ತಕ ಅಲ್ಲಿ ಇರುತ್ತಲೇ ಇರಲಿಲ್ಲ. ಜೊತೆಗೆ ಅದರಲ್ಲೇ ಒಂದು ಎಚ್ಚರಿಕೆಯೂ ಮತ್ತೆ ಮತ್ತೆ ಬರುತ್ತದೆ: ಕಾಲ ಬರುವ ಮೊದಲು ಪ್ರೀತಿಯನ್ನು ಎಬ್ಬಿಸಬೇಡಿ. ಎಂಟನೇ ಕ್ಲಾಸಿನ ಮಗು ಬ್ರೇಕಪ್ ಹಾಡು ಹಾಕಿಕೊಂಡು ರಾತ್ರಿ ಅಳುತ್ತಿದ್ದರೆ ಆ ಮಾತು ನೆನಪಾಗುತ್ತದೆ. ಮಗುವಿಗೆ ಇನ್ನೂ ಪ್ರೀತಿಯೇ ಆಗಿಲ್ಲ, ದುಃಖ ಮಾತ್ರ ಮೊದಲು ಬಂದಿದೆ.

ಹಾಡನ್ನು ಹಿಂದುಮುಂದಾಗಿ ಓಡಿಸಿದರೆ ಸೈತಾನನ ಮಾತು ಕೇಳುತ್ತೆ ಅಂತಾರೆ. ನಿಜನಾ?

ಇಲ್ಲ. 1980ರ ದಶಕದಲ್ಲಿ ಅಮೆರಿಕದಲ್ಲಿ ಈ ಭಯ ಜೋರಾಗಿತ್ತು, ಅಲ್ಲಿಂದ ನಮ್ಮ ಕಡೆಗೂ ಬಂತು. ಯಾವ ಮಾತನ್ನೇ ಉಲ್ಟಾ ಓಡಿಸಿದರೂ ಅರ್ಥವಿಲ್ಲದ ಶಬ್ದ ಬರುತ್ತದೆ. ಹೀಗೆ ಕೇಳುತ್ತೆ ನೋಡು ಅಂತ ಯಾರಾದರೂ ಮೊದಲೇ ಹೇಳಿಕೊಟ್ಟರೆ ಹಾಗೇ ಕೇಳಿಸುತ್ತದೆ. ಮೋಡದಲ್ಲಿ ಆನೆ ಕಂಡ ಹಾಗೆ. ಮುಂದಕ್ಕೆ ಓಡುವಾಗ ಹಾಡು ಏನು ಹೇಳುತ್ತಿದೆ ಅಂತ ಕೇಳಿಸಿಕೊಂಡರೆ ಸಾಕು.

ಕ್ರೈಸ್ತ ಹಾಡು ಅಂದ ಮೇಲೆ ಕಣ್ಣು ಮುಚ್ಚಿ ಕೇಳಬಹುದಲ್ವಾ?

ಬೇಡ. ಇಲ್ಲಿ ಇನ್ನೂ ಜಾಸ್ತಿ ಗಮನ ಬೇಕು. ಸಿನಿಮಾ ಹಾಡಿನಲ್ಲಿ ತಪ್ಪಿದ್ದರೆ ಅದು ಸಿನಿಮಾ ಅಂತ ಗೊತ್ತಿರುತ್ತದೆ. ದೇವರ ಹೆಸರಿನಲ್ಲಿ ತಪ್ಪು ಕಲಿತರೆ ಅದನ್ನೇ ಪ್ರಾರ್ಥನೆ ಅಂದುಕೊಳ್ಳುತ್ತೇವೆ.

ಒಂದು ಹಾಡು ತೆಗೆದುಕೊಳ್ಳಿ. 'ನಾನು, ನನಗೆ, ನನ್ನ' ಎಷ್ಟು ಸಲ ಬಂತು? ದೇವರು ಏನು ಮಾಡಿದನು ಅಂತ ಎಷ್ಟು ಸಲ ಬಂತು? ನಂಬಿದರೆ ಸಾಲ ತೀರುತ್ತದೆ, ರೋಗ ಬರುವುದಿಲ್ಲ, ಶತ್ರು ಬಿದ್ದುಹೋಗುತ್ತಾನೆ ಅಂತ ಮಾತ್ರ ಹೇಳುವ ಹಾಡು ಕೇಳಿ ಬೆಳೆದ ಮಗು, ನಾಳೆ ತಂದೆಗೆ ಕ್ಯಾನ್ಸರ್ ಬಂದರೆ ಏನು ಮಾಡಬೇಕು? ಬೈಬಲ್‌ನ ಕೀರ್ತನೆಗಳು ಹಾಗಿಲ್ಲ. ಅಲ್ಲಿ ಅಳು ಇದೆ, ಸಿಟ್ಟು ಇದೆ, ಎಷ್ಟು ದಿನ ಹೀಗೆ ದೇವರೇ ಅನ್ನುವ ಜಗಳವೂ ಇದೆ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನೂ ಇಸ್ರಾಯೇಲರು ಹಾಡಿದರು.

ಪ್ರವಾದಿ ಆಮೋಸನ ಪುಸ್ತಕದ 5:23 ಇನ್ನೂ ಕಠಿಣ. ನಿಮ್ಮ ಹಾಡುಗಳ ಗದ್ದಲ ನನ್ನಿಂದ ದೂರ ಮಾಡಿ ಅಂತ ದೇವರೇ ಹೇಳುತ್ತಾನೆ. ಆ ಹಾಡುಗಳ ಪದದಲ್ಲಿ ತಪ್ಪಿರಲಿಲ್ಲ. ಹಾಡುತ್ತಿದ್ದವರು ಬಡವರನ್ನು ತುಳಿಯುತ್ತಿದ್ದರು. ಭಾನುವಾರ ಹಾಡಿ ಸೋಮವಾರ ಕೂಲಿಯವರ ಹಣ ಹಿಡಿದಿಟ್ಟರೆ ಆ ಹಾಡು ಮೇಲಕ್ಕೆ ಹೋಗುವುದಿಲ್ಲ.

ಹಾಗಾದ್ರೆ ಹಳೇ ಗೀತೆಗಳೇ ಒಳ್ಳೆಯವಾ? ಅವು ಬೋರ್ ಹೊಡೆಸುತ್ತವೆ.

ಹಳೆಯದು ಅನ್ನುವುದೇ ಒಂದು ಗುಣ ಅಲ್ಲ. ಆದರೆ ನೂರಾರು ವರ್ಷ ಜನ ಸಾವಿನ ಮನೆಯಲ್ಲಿ, ಬರಗಾಲದಲ್ಲಿ ಹಾಡಿ ಉಳಿಸಿಕೊಂಡಿದ್ದಾರೆ ಅಂದರೆ ಅದರಲ್ಲಿ ಏನೋ ಗಟ್ಟಿ ಇದೆ. ಬೋರ್ ಆಗುವುದಕ್ಕೆ ಅರ್ಧ ಕಾರಣ ನಾವು ಹಾಡುವ ರೀತಿ. ಎಳೆದೂ ಎಳೆದೂ ಹಾಡುತ್ತೇವೆ.

ಹಾಡಿನ ಹಿಂದಿನ ಕಥೆ ಗೊತ್ತಾದರೆ ಬೋರ್ ಹೋಗುತ್ತದೆ. 'ಅಮೇಜಿಂಗ್ ಗ್ರೇಸ್' ಬರೆದ ಜಾನ್ ನ್ಯೂಟನ್ ಗುಲಾಮರನ್ನು ಸಾಗಿಸುವ ಹಡಗಿನಲ್ಲಿದ್ದವನು. 1748ರಲ್ಲಿ ಸಮುದ್ರದ ಬಿರುಗಾಳಿಯಲ್ಲಿ ದೇವರನ್ನು ಕೂಗಿದ. ಅವತ್ತೇ ಒಳ್ಳೆಯವನಾದ ಅಂತ ನಾವು ಕಥೆ ಹೇಳುತ್ತೇವೆ. ನಿಜ ಹಾಗಿಲ್ಲ. ಆಮೇಲೂ ಅವನು ಗುಲಾಮರ ಹಡಗು ನಡೆಸಿದ. ಸಮುದ್ರ ಬಿಟ್ಟದ್ದು 1754ರಲ್ಲಿ, ಅದೂ ಆರೋಗ್ಯ ಕೆಟ್ಟು. ಹಾಡು ಅಚ್ಚಾದದ್ದು 1779ರಲ್ಲಿ. ಗುಲಾಮರ ವ್ಯಾಪಾರವೇ ತಪ್ಪು ಅಂತ ಬಾಯಿ ಬಿಟ್ಟು ಬರೆದದ್ದು 1788ರಲ್ಲಿ. ಬಿರುಗಾಳಿಯಿಂದ ಅಲ್ಲಿಗೆ ನಲವತ್ತು ವರ್ಷ. ಇದನ್ನು ಹೇಳಿದ ಮೇಲೆ ನಮ್ಮ ಹುಡುಗರು ಆ ಹಾಡನ್ನು ಬೇರೆ ಥರ ಹಾಡಿದರು. ಕುರುಡನಾಗಿದ್ದೆ ಅನ್ನುವ ಸಾಲಿನ ಹತ್ತಿರ ಧ್ವನಿ ಇಳಿಯಿತು.

ಹಾಡುವಾಗ ಕಣ್ಣೀರು ಬರುತ್ತೆ. ಅದು ಪವಿತ್ರಾತ್ಮನ ಕೆಲಸನಾ, ಮ್ಯೂಸಿಕ್ ಕೆಲಸನಾ?

ಸಾವಿರದ ಆರುನೂರು ವರ್ಷದ ಹಿಂದೆ ಸಂತ ಅಗಸ್ಟಿನ್‌ಗೆ ಇದೇ ಚಿಂತೆ ಇತ್ತು. ಮಿಲಾನ್‌ನ ಸಭೆಯಲ್ಲಿ ಗೀತೆ ಕೇಳಿ ಅತ್ತಿದ್ದನ್ನು ಅವರು ಬರೆದುಕೊಂಡಿದ್ದಾರೆ. ಮುಂದೆ ಇನ್ನೊಂದು ಮಾತೂ ಬರೆದರು: ಹಾಡಿನ ಅರ್ಥಕ್ಕಿಂತ ಹಾಡುವ ಧ್ವನಿಯೇ ನನ್ನನ್ನು ಹೆಚ್ಚು ಕದಲಿಸಿದರೆ, ಅದು ನನ್ನ ತಪ್ಪು. ಹಾಗಂತ ಹಾಡೇ ಬೇಡ ಅನ್ನಲಿಲ್ಲ. ಎರಡು ಕಡೆಗೂ ತೂಗಿ, ಹಾಡು ಇರಲಿ ಅಂದರು.

ಪ್ರೊಟೆಸ್ಟೆಂಟರು ಕಥೋಲಿಕರಿಂದ ಬೇರೆಯಾದ ಸುಧಾರಣೆಯ ಕಾಲದಲ್ಲೂ ಈ ಜಗಳ ಇತ್ತು. ಲೂಥರ್‌ಗೆ ಸಂಗೀತ ದೇವರ ವರ. 1524ರಿಂದಲೇ ಗೀತೆ ಪುಸ್ತಕಗಳು ಬಂದವು. ಜ್ಯೂರಿಕ್‌ನ ಜ್ವಿಂಗ್ಲಿ ತಾನೇ ಒಳ್ಳೆಯ ವಾದ್ಯಗಾರ, ಆದರೂ ಆರಾಧನೆಯಿಂದ ಸಂಗೀತವನ್ನು ತೆಗೆದುಬಿಟ್ಟ. ಕ್ಯಾಲ್ವಿನ್ ವಾದ್ಯ ಬಿಟ್ಟು ಕೀರ್ತನೆ ಮಾತ್ರ ಇಟ್ಟುಕೊಂಡ. ಇವರೆಲ್ಲ ದೇವರನ್ನು ಪ್ರೀತಿಸಿದವರೇ.

ನನ್ನ ಅನುಭವ ಹೇಳುತ್ತೇನೆ. ಕೀಬೋರ್ಡ್‌ನಲ್ಲಿ ಒಂದು ಸ್ವರ ಹಿಡಿದು, ಬೆಳಕು ಕಡಿಮೆ ಮಾಡಿ, ಒಂದೇ ಸಾಲನ್ನು ಹತ್ತು ಸಲ ಹಾಡಿಸಿದರೆ ಯಾರಿಗಾದರೂ ಕಣ್ಣು ತುಂಬುತ್ತದೆ. ಹಾಡಿಸುವವಳು ನಾನೇ, ನನಗೆ ಗೊತ್ತು. ಕಣ್ಣೀರು ಸುಳ್ಳಲ್ಲ. ಆದರೆ ಮನೆಗೆ ಹೋದ ಮೇಲೆ ಅತ್ತೆಯ ಜೊತೆ, ತಮ್ಮನ ಜೊತೆ ಮಾತು ಹೇಗಿದೆ ಅಂತ ನೋಡಿಕೊಳ್ಳಿ. 1 ಕೊರಿಂಥ 14:15ರಲ್ಲಿ ಪೌಲ ಆತ್ಮದಿಂದಲೂ ಹಾಡುತ್ತೇನೆ, ಬುದ್ಧಿಯಿಂದಲೂ ಹಾಡುತ್ತೇನೆ ಅನ್ನುತ್ತಾನೆ. ಎರಡೂ ಬೇಕು.

ಸಿನಿಮಾ ಟ್ಯೂನ್‌ಗೆ ದೇವರ ಪದ ಹಾಕಿ ಹಾಡಬಹುದಾ?

ನನಗೆ ಇಷ್ಟವಿಲ್ಲ. ಆದರೆ ಪಾಪ ಅನ್ನಲಾರೆ.

1601ರಲ್ಲಿ ಜರ್ಮನಿಯ ಹಾಸ್ಲರ್ ಅನ್ನುವ ಸಂಗೀತಗಾರ ಒಂದು ಪ್ರೇಮಗೀತೆಗೆ ರಾಗ ಹಾಕಿದ. ಹುಡುಗಿಯಿಂದ ಮನಸ್ಸು ಕಲಕಿ ಹೋಯಿತು ಅನ್ನುವ ಹಾಡು ಅದು. ಮುಂದೆ ಅದೇ ರಾಗಕ್ಕೆ ಮುಳ್ಳಿನ ಕಿರೀಟ ಹೊತ್ತ ಕ್ರಿಸ್ತನ ಪದ ಬಂತು. ಜರ್ಮನಿಯ ದೊಡ್ಡ ಸಂಗೀತಗಾರ ಬಾಖ್ ಅದನ್ನು, ಯೇಸು ಪಟ್ಟ ಪಾಡನ್ನು ಮತ್ತಾಯ ಬರೆದ ಹಾಗೆ ಹಾಡುವ ತನ್ನ ಕೃತಿಯಲ್ಲಿ, ಮತ್ತೆ ಮತ್ತೆ ತಂದ. ಗುಡ್ ಫ್ರೈಡೇ ದಿನ ಇವತ್ತಿಗೂ ಜಗತ್ತಿನ ಎಷ್ಟೋ ಸಭೆಗಳಲ್ಲಿ ಅದನ್ನು ಹಾಡುತ್ತಾರೆ. ಅದು ಪ್ರೇಮಗೀತೆಯಾಗಿತ್ತು ಅಂತ ಹಾಡುವವರಿಗೆ ನೆನಪಿಲ್ಲ.

ನಮ್ಮಲ್ಲಿ ತೊಂದರೆ ಇರುವುದು ಅಲ್ಲೇ. ಹೋದ ತಿಂಗಳು ಬಂದ ಸಿನಿಮಾದ ಟ್ಯೂನ್ ಹಾಕಿದರೆ ಬಾಯಲ್ಲಿ ಯೇಸು, ಕಣ್ಣೆದುರು ನಾಯಕ ನಾಯಕಿ. ಮಕ್ಕಳು ಮುಸಿಮುಸಿ ನಗುತ್ತಾರೆ. ಅದೂ ಅಲ್ಲದೆ ಟ್ಯೂನ್ ಮಾಡಿದವರು ಬದುಕಿದ್ದಾರೆ, ಅದು ಅವರ ಅನ್ನ. ನಮ್ಮಲ್ಲೇ ಹಾಡು ಕಟ್ಟುವ ಹುಡುಗರಿದ್ದಾರೆ. ಅವರ ಕೈಲಿ ಹೊಸ ರಾಗ ಮಾಡಿಸಿ.

ಆರಾಧನೆಯಲ್ಲಿ ತಮಟೆ ಬಾರಿಸಬಹುದಾ? ಹಿರಿಯರು ಬೇಡ ಅಂತಾರೆ.

ಈ ಪ್ರಶ್ನೆ ಬಂದಾಗ ನನಗೆ ಸುಮ್ನೆ ಇರಲು ಆಗುವುದಿಲ್ಲ.

ಗಿಟಾರ್‌ಗೆ ಯಾರೂ ಬೇಡ ಅನ್ನಲಿಲ್ಲ. ಡ್ರಮ್ ಸೆಟ್ ಬಂತು, ರಿದಮ್ ಪ್ಯಾಡ್ ಬಂತು, ಒಬ್ಬರೂ ಕೇಳಲಿಲ್ಲ. ತಮಟೆ ಅಂದ ಕೂಡಲೇ ಮುಖ ಗಂಟಾಗುತ್ತದೆ. ಯಾಕೆ? ಅದು ಸಾವಿಗೆ ಬಾರಿಸುವುದು ಅನ್ನುತ್ತಾರೆ. ಅದು ಜಾತ್ರೆಯದು ಅನ್ನುತ್ತಾರೆ. ನಿಜವಾದ ಕಾರಣ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಅದು ಯಾರ ವಾದ್ಯ ಅನ್ನುವುದೇ ಕಾರಣ. ಊರಿನವರು ಯಾರ ಕೊರಳಿಗೆ ತಮಟೆ ಹಾಕಿದರೋ ಅವರನ್ನೇ ಊರಾಚೆ ಇಟ್ಟರು. ನನ್ನ ಅಪ್ಪನ ಅಪ್ಪ ಚಿತ್ರದುರ್ಗದ ಕಡೆಯ ಹಳ್ಳಿಯಲ್ಲಿ ತಮಟೆ ಬಾರಿಸಿದವರು. ನಮ್ಮ ಸಭೆಯಲ್ಲಿ ಅಂಥ ಮನೆಗಳು ಇನ್ನೂ ಇವೆ. ಅವರ ಮೊಮ್ಮಕ್ಕಳಿಗೆ ಅಜ್ಜನ ವಾದ್ಯ ನೋಡಿದರೆ ನಾಚಿಕೆ ಆಗುವ ಹಾಗೆ ನಾವು ಮಾಡಿದ್ದೇವೆ.

ಈಗ 150ನೇ ಕೀರ್ತನೆ ತೆಗೆಯಿರಿ. ಕನ್ನಡ ಬೈಬಲ್‌ನಲ್ಲಿ ಯಾವ ಪದ ಇದೆ ನೋಡಿ: ದಮ್ಮಡಿ. ದಮ್ಮಡಿ ಬಡಿಯುತ್ತಾ, ಕುಣಿಯುತ್ತಾ ಸ್ತುತಿಸಿ ಅಂತಿದೆ. ದಮ್ಮಡಿ ಅಂದರೆ ಏನು? ದುಂಡನೆಯ ಚೌಕಟ್ಟಿಗೆ ಚರ್ಮ ಬಿಗಿದ ಕೈವಾದ್ಯ. ತಮಟೆಯ ತಂಗಿ. ಕೆಂಪು ಸಮುದ್ರ ದಾಟಿದ ದಿನ ಮಿರ್ಯಾಮಳು ಕೈಗೆತ್ತಿಕೊಂಡದ್ದು ಅದನ್ನೇ. ವಿಮೋಚನಕಾಂಡ 15:20. ಗುಲಾಮಗಿರಿಯಿಂದ ಬಿಡುಗಡೆಯಾದವರ ಮೊದಲ ಹಾಡಿಗೆ ತಾಳ ಹಾಕಿದ್ದು ಚರ್ಮವಾದ್ಯ.

ನಾವು ನಾಲ್ಕು ವರ್ಷದ ಹಿಂದೆ ಈಸ್ಟರ್ ಬೆಳಗಿನ ಜಾವ ತಮಟೆ ಇಟ್ಟೆವು. ಎರಡು ತಮಟೆ, ಒಬ್ಬ ತಾತ, ಒಬ್ಬ ಕಾಲೇಜು ಹುಡುಗ. ಚರ್ಮವನ್ನು ಬೆಂಕಿಗೆ ಕಾಯಿಸಿ, ಕಂಪೌಂಡ್‌ನಿಂದ ಬಾಗಿಲವರೆಗೆ ಬಾರಿಸಿಕೊಂಡು ಬಂದರು. ಕೆಲವರು ಮುಖ ತಿರುಗಿಸಿದರು. ತಾತ ಮಾತ್ರ ಬಾಗಿಲ ಹತ್ತಿರ ನಿಂತು, "ಒಳಗೂ ಬಾರಿಸ್ಲೇನಮ್ಮಾ?" ಅಂತ ಕೇಳಿದರು. ಬಾರಿಸಿ ತಾತ ಅಂದೆ. ಅವರು ಚಪ್ಪಲಿ ಬಿಟ್ಟು, ಅಳುತ್ತಾ ಬಾರಿಸಿದರು.

ಒಳಗೆ ಜಾಗ ಚಿಕ್ಕದಿದ್ದರೆ ಶಬ್ದ ಜಾಸ್ತಿ ಆಗುತ್ತದೆ, ಅದು ನಿಜ. ಆಗ ಹೊರಗೆ ಬಾರಿಸಿ, ಮೆಲ್ಲಗೆ ಬಾರಿಸಿ. ಶಬ್ದದ ನೆಪ ಹೇಳಿ ಮನುಷ್ಯರನ್ನು ಆಚೆ ನಿಲ್ಲಿಸಬೇಡಿ.

ನಮ್ಮ ರಾಗ, ನಮ್ಮ ಭಜನೆ ಶೈಲಿ? ಅದು ಹಿಂದೂ ಅಲ್ವಾ?

ರಾಗಕ್ಕೆ ಧರ್ಮ ಇಲ್ಲ. ಹಾಗೆ ನೋಡಿದರೆ ನಾವು ದೇವರ ಹಾಡು ಅಂದುಕೊಂಡಿರುವ ಎಷ್ಟೋ ರಾಗಗಳು ಇಂಗ್ಲೆಂಡು, ಜರ್ಮನಿಯ ಹಳ್ಳಿಯವು. ಕನ್ನಡದ ನಿಘಂಟು ಮಾಡಿದ ಕಿಟೆಲ್ 1862ರಲ್ಲೇ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ 'ಕಥಾಮಾಲೆ' ಅಂತ ಬರೆದರು. ತಂಜಾವೂರಿನ ವೇದನಾಯಗಂ ಶಾಸ್ತ್ರಿಗಳು ಕರ್ನಾಟಕ ಸಂಗೀತದಲ್ಲಿ, ಮಹಾರಾಷ್ಟ್ರದ ನಾರಾಯಣ ವಾಮನ ತಿಲಕರು ಅಭಂಗದ ದಾರಿಯಲ್ಲಿ ಕ್ರಿಸ್ತನನ್ನು ಹಾಡಿದರು. ಕಥೋಲಿಕ ಬಿಷಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಆಯಾ ಜನರ ಸಂಗೀತಕ್ಕೆ ತಕ್ಕ ಜಾಗ ಕೊಡಿ ಅಂದಿತು. ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯ ಮಾತೆಯ ಹಬ್ಬಕ್ಕೆ ಹೋಗಿ ನೋಡಿ. ಕನ್ನಡದ ಹಾಡಿಗೆ ಜನ ಹೇಗೆ ಬಾಯಿಗೂಡಿಸುತ್ತಾರೆ ಅಂತ ಗೊತ್ತಾಗುತ್ತದೆ.

ಶಾಲೆಯಲ್ಲಿ ವಚನ, ದಾಸರ ಪದ ಹಾಡಿಸ್ತಾರೆ. ಮಗಳನ್ನ ಕಳಿಸಬಹುದಾ?

ಸಿರಿಗೆರೆ, ಚಿತ್ರದುರ್ಗದ ಮಠಗಳ ನಡುವೆ ಬದುಕುವವರು ನಾವು. ವಚನ ಗೊತ್ತಿಲ್ಲದೆ ಕನ್ನಡ ಹೇಗೆ ಬರುತ್ತದೆ? ಬಸವಣ್ಣನವರ ಒಂದು ವಚನದಲ್ಲಿ ನನ್ನ ಮೈಯನ್ನೇ ವೀಣೆಯ ದಂಡಿಗೆ ಮಾಡು, ತಲೆಯನ್ನೇ ಸೋರೆ ಮಾಡು, ನರಗಳನ್ನೇ ತಂತಿ ಮಾಡಿ ನುಡಿಸು ಅಂತ ದೇವರನ್ನು ಬೇಡುತ್ತಾರೆ. ಮೈಯನ್ನು ಸಜೀವ ಬಲಿಯಾಗಿ ಅರ್ಪಿಸಿ ಅಂತ ರೋಮಾಪುರದವರಿಗೆ ಬರೆದ ಪತ್ರದಲ್ಲಿ ಓದಿದಾಗಲೆಲ್ಲ ನನಗೆ ಈ ವಚನ ನೆನಪಾಗುತ್ತದೆ. ಪೌಲನೂ ಅಥೇನೆಯಲ್ಲಿ ಗ್ರೀಕರ ಕವಿಗಳ ಮಾತನ್ನೇ ಎತ್ತಿ ಹೇಳಿದ, ಅಪೊಸ್ತಲರ ಕೃತ್ಯಗಳು 17:28.

ಕವಿತೆಯಾಗಿ ಕಲಿಯುವುದು ಬೇರೆ, ಪೂಜೆಯಾಗಿ ಹಾಡುವುದು ಬೇರೆ. ಮಗಳಿಗೆ ಈ ವ್ಯತ್ಯಾಸ ತಿಳಿಸಿ. ಯಾವುದೋ ಒಂದು ಪದ ಹಾಡಲು ಅವಳ ಮನಸ್ಸು ಒಪ್ಪದಿದ್ದರೆ ಒತ್ತಾಯ ಬೇಡ, ಟೀಚರ್ ಹತ್ತಿರ ಮರ್ಯಾದೆಯಿಂದ ಹೇಳಿ. ಒಪ್ಪಿದ ಇನ್ನೊಂದು ಮಗುವನ್ನು ನಿಮ್ಮ ಮಗಳ ಎದುರು ಹಂಗಿಸಲೂ ಬೇಡಿ.

ಪಕ್ಕದ ಮನೆಯವರು ಬೆಳಿಗ್ಗೆ ಅವರ ದೇವರ ಹಾಡು ಹಾಕ್ತಾರೆ. ಕಿವಿಗೆ ಬಿದ್ದರೆ ತಪ್ಪಾ?

ತಪ್ಪಲ್ಲ. ಅವರೂ ಡಿಸೆಂಬರ್‌ನಲ್ಲಿ ನಮ್ಮ ಕ್ಯಾರಲ್ ಕೇಳುತ್ತಾರೆ. ರಾತ್ರಿ ಹನ್ನೊಂದಕ್ಕೆ ಬಾಗಿಲು ತೆಗೆದು ಮಂಡಕ್ಕಿ ಮೆಣಸಿನಕಾಯಿ ಕೊಟ್ಟು ಕಳಿಸುತ್ತಾರೆ.

ಆದರೆ ಮೈಕಿನ ಮಾತು ನಮಗೂ ಸೇರುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬೇಡ ಅನ್ನುವುದು 2000ದ ಶಬ್ದ ಮಾಲಿನ್ಯ ನಿಯಮ. ನಮ್ಮ ಉಪವಾಸ ಪ್ರಾರ್ಥನೆಯ ಕೂಟಕ್ಕೂ ಅದೇ ನಿಯಮ.

ನಾನು ಕೀಬೋರ್ಡ್ ನುಡಿಸ್ತೀನಿ. ಆರ್ಕೆಸ್ಟ್ರಾಗೆ ಹೋದರೆ ಮೂರು ಕಾಸು ಸಿಗುತ್ತೆ. ಹೋಗಲಾ?

ಹೋಗು. ದುಡಿಮೆಗೆ ಅವಮಾನ ಇಲ್ಲ. ಬಡಗಿ ಬರೀ ಚರ್ಚಿನ ಬೆಂಚು ಮಾತ್ರ ಮಾಡುತ್ತಾನಾ? ಕ್ರಿಸ್ತನ ಮೇಲೆ ಹ್ಯಾಂಡೆಲ್ ಮಾಡಿದ ದೊಡ್ಡ ಗಾಯನ ಕೃತಿ 'ಮೆಸ್ಸೈಯ' ಮೊದಲು ಕೇಳಿಸಿದ್ದೂ ಚರ್ಚಿನಲ್ಲಿ ಅಲ್ಲ. 1742ರಲ್ಲಿ ಡಬ್ಲಿನ್‌ನ ಒಂದು ಸಂಗೀತ ಸಭಾಂಗಣದಲ್ಲಿ. ಅವತ್ತು ಬಂದ ಹಣ ಆಸ್ಪತ್ರೆಗೆ, ಸಾಲ ತೀರಿಸಲಾಗದೆ ಜೈಲಿನಲ್ಲಿದ್ದವರಿಗೆ ಹೋಯಿತು.

ಎರಡು ವಿಷಯ ಮೊದಲೇ ನಿರ್ಧಾರ ಮಾಡಿಕೋ. ಯಾವ ಹಾಡಿಗೆ ನುಡಿಸುವುದಿಲ್ಲ ಅಂತ ಒಪ್ಪಂದದ ದಿನವೇ ಹೇಳು, ಸ್ಟೇಜ್ ಮೇಲೆ ಜಗಳ ಬೇಡ. ಎರಡನೆಯದು, ಕಾರ್ಯಕ್ರಮ ಮುಗಿದ ಮೇಲಿನ ಪಾರ್ಟಿ. ನಮ್ಮ ಹುಡುಗರು ಹಾಳಾದದ್ದು ಅಲ್ಲಿ. ಹಾಡಿನಿಂದ ಅಲ್ಲ.

ಮದುವೆಯಲ್ಲಿ ಸಿನಿಮಾ ಹಾಡು ಹಾಕಿಸಬಹುದಾ?

ಆರಾಧನೆಯೊಳಗೆ ಬೇಡ, ರಿಸೆಪ್ಶನ್‌ನಲ್ಲಿ ಧಾರಾಳವಾಗಿ. ಕಥೋಲಿಕರ ಬಲಿಪೂಜೆಯ ಹಾಡುಗಳು ಮುಖ್ಯವಾಗಿ ಬೈಬಲ್‌ನಿಂದ, ಪೂಜಾವಿಧಿಯಿಂದ ಬರಬೇಕು ಅನ್ನುವ ನಿಯಮವೇ ಇದೆ. ಮೊದಲೇ ಫಾದರ್ ಅಥವಾ ಪಾಸ್ಟರ್ ಹತ್ತಿರ ಹಾಡಿನ ಪಟ್ಟಿ ತೋರಿಸಿ.

ತಪಸ್ಸು ಕಾಲದಲ್ಲಿ ಹಾಡು ಕೇಳಬಾರದಾ?

ಕಥೋಲಿಕರು ಈಸ್ಟರ್‌ಗೆ ಮುಂಚಿನ ಆ ನಲವತ್ತು ದಿನ ಪೂಜೆಯಲ್ಲಿ ಅಲ್ಲೆಲೂಯ ಹಾಡುವುದಿಲ್ಲ, ವಾದ್ಯವನ್ನೂ ಹಾಡಿಗೆ ಆಸರೆಯಾಗಿ ಮಾತ್ರ ನುಡಿಸುತ್ತಾರೆ. ಮನೆಗೆ ಅಂಥ ಕಟ್ಟುಪಾಡಿಲ್ಲ. ಆದರೂ ಬಸ್ಸಿನಲ್ಲಿ ಇಯರ್‌ಫೋನ್ ತೆಗೆದು ಸುಮ್ನೆ ಕೂತು ನೋಡಿ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಒಂದೂವರೆ ಗಂಟೆ. ನನಗೆ ಮೊದಲ ಅರ್ಧ ಗಂಟೆ ಹಿಂಸೆ ಆಯಿತು. ಆಮೇಲೆ ಎಷ್ಟೋ ದಿನದಿಂದ ಫೋನ್ ಮಾಡದ ಚಿಕ್ಕಮ್ಮ ನೆನಪಾದರು.

ಯೂಟ್ಯೂಬ್‌ಗೆ ನಮ್ಮ ಕ್ವಾಯರ್ ಹಾಡು ಹಾಕಬಹುದಾ?

ನಿಮ್ಮದೇ ಹಾಡಾದರೆ ಹಾಕಿ. ಬೇರೆಯವರದ್ದಾದರೆ ಅನುಮತಿ ಕೇಳಿ. ಧಾರ್ಮಿಕ ವಿಧಿಯ ಸಮಯದಲ್ಲಿ ಹಾಡುವುದಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ವಿನಾಯಿತಿ ಇದೆ. ರೆಕಾರ್ಡ್ ಮಾಡಿ ಚಾನೆಲ್‌ಗೆ ಹಾಕುವುದು ಬೇರೆ ವಿಷಯ. ಬರೆದ ಕವಿ ತೀರಿಹೋಗಿ 60 ವರ್ಷ ದಾಟಿದ್ದರೆ ಆ ಪದಗಳನ್ನು ಯಾರು ಬೇಕಾದರೂ ಹಾಡಬಹುದು.

ಮನಸ್ಸು ತುಂಬಾ ಕುಗ್ಗಿದೆ. ಸ್ತುತಿ ಹಾಡು ಹಾಕಿದರೂ ಸರಿ ಹೋಗ್ತಿಲ್ಲ. ನನ್ನ ನಂಬಿಕೆ ಕಡಿಮೆನಾ?

ಇಲ್ಲ ಕಂದಾ. ಸೌಲ ಅರಸನ ಕಥೆ ಪೂರ್ತಿ ಓದು. ದಾವೀದ ಕಿನ್ನರಿ ನುಡಿಸಿದಾಗ ಸೌಲನಿಗೆ ಸಮಾಧಾನ ಆಗುತ್ತಿತ್ತು, ಅದು 1 ಸಮುವೇಲ 16ರಲ್ಲಿದೆ. ಪ್ರಸಂಗಗಳಲ್ಲಿ ಅಷ್ಟೇ ಹೇಳುತ್ತೇವೆ. 18ನೇ ಅಧ್ಯಾಯದಲ್ಲಿ ಅದೇ ದಾವೀದ ಅದೇ ಕಿನ್ನರಿ ನುಡಿಸುತ್ತಿದ್ದಾನೆ, ಸೌಲ ಈಟಿ ಎಸೆಯುತ್ತಾನೆ. ನುಡಿಸಿದವನ ತಪ್ಪೂ ಇಲ್ಲ, ಕಿನ್ನರಿಯ ತಪ್ಪೂ ಇಲ್ಲ. ಸಂಗೀತಕ್ಕೆ ಎಲ್ಲವನ್ನೂ ವಾಸಿ ಮಾಡುವ ಶಕ್ತಿ ಇಲ್ಲ. ಎರಡು ವಾರ ದಾಟಿದ ದುಃಖ, ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ ಅಂದರೆ ಡಾಕ್ಟರ್ ಹತ್ತಿರ ಹೋಗು. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೇಡ. ಒಬ್ಬಳೇ ಹೋಗಲು ಭಯವಾದರೆ ನನ್ನನ್ನು ಕರೆ, ಜೊತೆಗೆ ಬರುತ್ತೇನೆ.

ನನಗೆ ಹಾಡೋಕೆ ಬರಲ್ಲ. ಸುಮ್ನೆ ಕೂತು ಕೇಳಿದರೆ ಸಾಕಾ?

ಕೇಳುವುದೂ ದೊಡ್ಡ ಕೆಲಸ. ಫಿಲಿಪ್ಪಿಯ ಜೈಲಿನಲ್ಲಿ ಪೌಲ, ಸೀಲ ಮಧ್ಯರಾತ್ರಿ ಹಾಡುತ್ತಿದ್ದರು. ಮೈಯೆಲ್ಲ ಪೆಟ್ಟು, ಕಾಲು ಕೋಳದಲ್ಲಿ. ಉಳಿದ ಕೈದಿಗಳು ಅದನ್ನು ಕೇಳುತ್ತಿದ್ದರು ಅಂತ ಲೂಕ ಮರೆಯದೆ ಬರೆದಿದ್ದಾನೆ. ಅವರು ಬೈಯಲಿಲ್ಲ, ಮಲಗಲಿಲ್ಲ. ಕೇಳಿದರು.

ಆದರೂ ಭಾನುವಾರ ಬಾಯಿ ತೆರೆಯಿರಿ. ನಮ್ಮಲ್ಲಿ ಮೂರನೇ ಬೆಂಚಿನಲ್ಲಿ ಒಬ್ಬರು ಅಜ್ಜಿ ಕೂರುತ್ತಾರೆ. ಶ್ರುತಿ ಒಂದು ಕಡೆ, ಅವರು ಒಂದು ಕಡೆ. ತಾಳವೂ ಅವರದ್ದೇ. ಗಂಡ, ಇಬ್ಬರು ಮಕ್ಕಳನ್ನು ಮಣ್ಣು ಮಾಡಿದವರು ಅವರು. ಒಂದು ಚರಣವನ್ನೂ ಬಿಡದೆ ಹಾಡುತ್ತಾರೆ. ಅವರ ಧ್ವನಿ ಏರಿದಾಗ ನಾನು ಹಾರ್ಮೋನಿಯಂ ತಿದಿ ಸ್ವಲ್ಪ ಜೋರಾಗಿ ಒತ್ತುತ್ತೇನೆ, ಅಷ್ಟೇ. ನಿಮಗೂ ಒತ್ತುತ್ತೇನೆ, ಬನ್ನಿ.